ಹಿಮಯುಗವೋ, ಗೆಲಾಕ್ಸಿಯೋ?

1920ರ ಏಪ್ರಿಲ್ 26ರಂದು ವಾಷಿಂಗ್ಟನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನಡೆದ ಜೋಡಿ ಉಪನ್ಯಾಸ ವಿಜ್ಞಾನದ ಚರಿತ್ರೆಯಲ್ಲಿ ‘ಮಹಾ ಚರ್ಚೆ’ ಎಂದೇ ಹೆಸರಾಗಿದೆ. ವಿಷಯ, ವಿಶ್ವದ ವಿಸ್ತಾರ. ಏರ್ಪಡಿಸಿದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ. ಸಾಪೇಕ್ಷತಾ ಸಿದ್ಧಾಂತ ಇಲ್ಲವೇ ‘ದ್ವೀಪವಿಶ್ವ’ಗಳ, ಅಂದರೆ ಕ್ಷೀರಪಥದಾಚೆಗಿನ ಬೇರೆ ಗೆಲಾಕ್ಸಿಗಳ ಬಗ್ಗೆ ಮಾತಾಗಲಿ ಎಂದು ಖಗೋಳವಿಜ್ಞಾನಿ ಜಾರ್ಜ್ ಎಲರಿ ಹೇಲ್ ಸೂಚಿಸಿದ್ದರು. ಅಕಾಡೆಮಿಯ ಕಾರ್ಯದರ್ಶಿ ಚಾರ್ಲ್ಸ್ ಆಬಟ್ ಅವರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಹಿಮಯುಗಗಳು ಬಂದದ್ದೇಕೆ ಎಂಬಂಥ ವಿಷಯ ಲೇಸು ಎಂದರು. ಕಡೆಗೆ ಗೆದ್ದದ್ದು ಗೆಲಾಕ್ಸಿ.

ಇಬ್ಬರು ಉಪನ್ಯಾಸಕರಲ್ಲಿ ಒಬ್ಬರಾದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಹಾರ್ಲೊ ಶ್ಯಾಪ್ಲಿಗೆ ಆಗ 34 ವರ್ಷ. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಹುದ್ದೆಗೆ ಅವರ ಹೆಸರು ಕೇಳಿಬರುತ್ತಿತ್ತು, ಹಾರ್ವರ್ಡ್ ಕಡೆಯವರೂ ಸಭೆಯಲ್ಲಿದ್ದರು. ಬರೆದು ತಂದದ್ದನ್ನು ಓದಿದ ಶ್ಯಾಪ್ಲಿ, ಜ್ಯೋತಿರ್ವರ್ಷವೆಂದರೇನು ಎಂಬಲ್ಲಿಂದಲೇ ಶುರುಮಾಡಿ ಅದಕ್ಕೆ ಪುಟಗಟ್ಟಲೆ ವ್ಯಯಿಸಿದರು. ಸಾಮಾನ್ಯ ಕೇಳುಗರ ಮುಂದೆ ಅದು ಸರಿಯಾದ ದಾರಿಯೇ. ಇನ್ನೊಬ್ಬ ಉಪನ್ಯಾಸಕ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್, ಸ್ಲೈಡುಗಳನ್ನು ತೋರಿಸುತ್ತ ತಾಂತ್ರಿಕ ವಿವರಗಳಿಗೇ ಇಳಿದರು.

ಗೋಳಾಕಾರದ ತಾರಾಗುಚ್ಛಗಳ ದೂರ ಅಳೆದಿದ್ದ ಶ್ಯಾಪ್ಲಿ, ನಮ್ಮ ಕ್ಷೀರಪಥದ ಅಗಲ 3 ಲಕ್ಷ ಜ್ಯೋತಿರ್ವರ್ಷ, ಸೂರ್ಯ ಅದರ ಕೇಂದ್ರದಿಂದ ಬಹುದೂರ, ಸುರುಳಿ ನೀಹಾರಿಕೆಗಳು ಬೇರೆ ಗೆಲಾಕ್ಸಿಗಳಲ್ಲ ಎಂದು ವಾದಿಸಿದರು. ಕರ್ಟಿಸ್ ಲೆಕ್ಕದಲ್ಲಿ ಕ್ಷೀರಪಥದ ಅಗಲ 30 ಸಾವಿರ ಜ್ಯೋತಿರ್ವರ್ಷ ಮಾತ್ರ, ಸೂರ್ಯ ಕೇಂದ್ರದ ಬಳಿಯೇ. ಆದರೆ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಸ್ಫೋಟಿಸಿದ ನೋವಾಗಳು ಅಷ್ಟು ಮಂಕಾಗಿ ಕಾಣುವುದರಿಂದ ಅದು ಕ್ಷೀರಪಥದಾಚೆಗಿನ ಸ್ವತಂತ್ರ ಗೆಲಾಕ್ಸಿಯೇ ಇರಬೇಕು ಎಂದರು.

ಇಬ್ಬರದ್ದೂ ಅರ್ಧ ಸರಿ, ಅರ್ಧ ತಪ್ಪು. ಇದೇ ಈ ಚರ್ಚೆಯ ಹೆಚ್ಚುಗಾರಿಕೆ. 1923ರ ಅಕ್ಟೋಬರ್‌ನಲ್ಲಿ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಸೆಫೀಡ್ ಎಂಬ ಚಂಚಲ ತಾರೆಯೊಂದನ್ನು ಗುರುತಿಸಿದರು. ಬೆಳಕಿನ ಏರಿಳಿತದ ಅವಧಿಯಿಂದ ಇಂಥ ತಾರೆಯ ನಿಜಕಾಂತಿ, ಅದರಿಂದ ದೂರ ತಿಳಿಯುತ್ತದೆ. ಆಂಡ್ರೊಮಿಡಾ ಕ್ಷೀರಪಥದಾಚೆಗಿದೆ ಎಂದು ಆ ದೂರ ತೋರಿಸಿತು; ಗೆಲಾಕ್ಸಿಗಳ ಮಟ್ಟಿಗೆ ಕರ್ಟಿಸ್ ಗೆದ್ದರು. ಸೂರ್ಯನ ಸ್ಥಾನದ ಮಟ್ಟಿಗೆ ಶ್ಯಾಪ್ಲಿ ಸರಿ: ಅದು ಕೇಂದ್ರದಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ. ಕ್ಷೀರಪಥದ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ತಾರೆಗಳ ನಡುವಿನ ಧೂಳು ಬೆಳಕನ್ನು ಕುಗ್ಗಿಸುತ್ತದೆಂದು ರಾಬರ್ಟ್ ಟ್ರಂಪ್ಲರ್ 1930ರಲ್ಲಿ ತೋರಿಸಿದ ಮೇಲೆ ಅಳತೆಗಳು ಹದಕ್ಕೆ ಬಂದವು.

ಆಬಟ್ ಸೂಚಿಸಿದ್ದ ವಿಷಯವೂ ಸಾಮಾನ್ಯದ್ದಲ್ಲ. ಅದೇ 1920ರಲ್ಲಿ ಬೆಲ್‌ಗ್ರೇಡ್ ವಿಶ್ವವಿದ್ಯಾಲಯದ ಮಿಲುಟಿನ್ ಮಿಲಾಂಕೊವಿಚ್, ಭೂಮಿಯ ಕಕ್ಷೆ ಮತ್ತು ಅಕ್ಷದ ಆವರ್ತಕ ಬದಲಾವಣೆಗಳಿಂದ ಬಿಸಿಲಿನ ಹಂಚಿಕೆ ಹೇಗೆ ಏರುಪೇರಾಗುತ್ತದೆಂಬ ಗಣಿತವನ್ನು ಪುಸ್ತಕವಾಗಿ ಪ್ರಕಟಿಸಿದರು. ಹಿಮಯುಗಗಳ ಬರವು ಹೋಗುಗಳಲ್ಲಿ ಆ ಆವರ್ತಗಳ ಗುರುತಿದೆ ಎಂಬುದಕ್ಕೆ 1976ರಲ್ಲಿ ಸಾಗರತಳದ ಕೆಸರಿನಿಂದ ಬಲವಾದ ಪುರಾವೆ ಸಿಕ್ಕಿತು.