ಕಬ್ಬಿಗೆ ಮಷೀನ್ ಬಂತು. ಕೊಯ್ತಾದವರಿಗೆ ತಿಂಗಳ ಹಣ ಸಾಕಾದೀತೇ?

ಜತ್ತ: ದಸರಾ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಉಮದಿ, ಸಂಖ ಭಾಗದ ಊರುಗಳ ಅಗಸಿ ಮುಂದೆ ಟ್ರ್ಯಾಕ್ಟರುಗಳು ಬಂದು ನಿಲ್ಲುತ್ತವೆ. ಹಾಸಿಗೆ, ಪಾತ್ರೆ, ಜೋಳದ ಚೀಲ, ಆಡು, ಕೂಸು ಎಲ್ಲವನ್ನೂ ಟ್ರೇಲರಿಗೆ ಹೇರಿಕೊಂಡು ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಕೆಲವು ಸಾಂಗಲಿ, ಕೊಲ್ಹಾಪುರ ಕಡೆಗೆ, ಕೆಲವು ಗಡಿ ದಾಟಿ ಬೆಳಗಾವಿ, ಬಾಗಲಕೋಟ ಜಿಲ್ಲೆಯ ಕಾರಖಾನೆಗಳಿಗೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಅವರ ಕೈಗೆ ಒಪ್ಪಿಸಿದ ಸಾಲಿ ಹುಡುಗರು. ಇದು ಗಡಿನಾಡಿನ ಬರಗಾಲದ ಸೀಮೆಗೆ ಹೊಸದಲ್ಲ.

ಹೊಸದೇನೆಂದರೆ, ಈಗ ಟೋಳಿಗಿಂತ ಮೊದಲು ಹೊಲಕ್ಕೆ ಮಷೀನ್ ಬಂದಿರುತ್ತದೆ. ಹಾರ್ವೆಸ್ಟರ್ ಎಂದರೆ ಎಲ್ಲರಿಗೂ ಗೊತ್ತು. ಬುಡಕ್ಕೆ ಕತ್ತರಿಸಿ, ರವದಿ ಊದಿ ಹಾರಿಸಿ, ಕಬ್ಬನ್ನು ಗೇಣುದ್ದದ ತುಂಡು ಮಾಡಿ ಪಕ್ಕದ ಟ್ರೇಲರಿಗೆ ಸುರಿಯುತ್ತದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಈ ಜೋಡಿ ನಸುಕಿನಿಂದ ಕತ್ತಲಾಗುವ ತನಕ ಬಗ್ಗಿ ಕಡಿದರೆ ಸುಮಾರು ಎರಡು ಟನ್. ಮಷೀನ್ ಅಷ್ಟನ್ನು ಚಹಾ ಕುಡಿಯುವ ಹೊತ್ತಿನಲ್ಲಿ ಮುಗಿಸಿ ಮುಂದಿನ ಸಾಲಿಗೆ ಹೋಗಿರುತ್ತದೆ.

ಹಂಗಂತ ನಾಳೆಯೇ ಕೊಯ್ತಾ ಮೂಲೆ ಸೇರುವುದಿಲ್ಲ. ಮಷೀನಿಗೆ ನಾಲ್ಕು-ಐದು ಅಡಿ ಸಾಲು ಬೇಕು, ಸಪಾಟು ಹೊಲ ಬೇಕು, ತಿರುಗಲು ಜಾಗ ಬೇಕು. ಅರ್ಧ ಎಕರೆ ತುಂಡಿನಲ್ಲಿ, ಹಸಿ ಎರಿ ನೆಲದಲ್ಲಿ ಅದರ ಆಟ ನಡೆಯುವುದಿಲ್ಲ. ತುಂಡಾದ ಕಬ್ಬು ಬೇಗ ಒಣಗುತ್ತದೆ. ರವದಿ ಹೆಚ್ಚು ಬಂತೆಂದು ಕಾರಖಾನೆ ತೂಕದಲ್ಲಿ ಕಡಿತ ಮಾಡುತ್ತದೆ ಎಂದು ರೈತರೂ ಗೊಣಗುತ್ತಾರೆ. ಆದರೂ ಸಾಲು ಅಗಲ ಮಾಡಿ ಕಬ್ಬು ಹಚ್ಚುವವರು ಹೆಚ್ಚುತ್ತಿದ್ದಾರೆ. ಉಚಲ ತಗೊಂಡ ಟೋಳಿ ನಡುವೆ ಓಡಿಹೋದರೆ ಏನು ಗತಿ ಎಂಬ ಚಿಂತೆ ಮಷೀನಿನ ವಿಷಯದಲ್ಲಿ ಇಲ್ಲವಲ್ಲ!

ಸರಕಾರದ ಕೈಯೂ ಇದರಲ್ಲಿದೆ. ಹಾರ್ವೆಸ್ಟರ್ ಕೊಳ್ಳಲು ಶೇ. 40ರಷ್ಟು, ಹೆಚ್ಚೆಂದರೆ 35 ಲಕ್ಷ ರೂಪಾಯಿ ಅನುದಾನ ಕೊಡುವ ಯೋಜನೆಯನ್ನು ಮಹಾರಾಷ್ಟ್ರ 2023ರಲ್ಲಿ ತಂದಿತು. ಒಂದು ಮಷೀನಿಗೆ ಸಿಗುವ 35 ಲಕ್ಷವನ್ನು ಲಾಡಕಿ ಬಹಿಣ ಯೋಜನೆಯ ಲೆಕ್ಕಕ್ಕೆ ಹಚ್ಚಿ ನೋಡಿದರೆ 194 ಹೆಣ್ಣುಮಕ್ಕಳ ಇಡೀ ವರ್ಷದ ಹಣವಾಗುತ್ತದೆ.

ಹೋಗುವ ಕೆಲಸ ಎಂಥದು?

ಯಂತ್ರ ಬಂದು ಕೂಲಿ ಹೋಯಿತೆಂದು ಮರುಗುವ ಮೊದಲು ಈ ಕೂಲಿಯ ಹಣೆಬರಹವನ್ನೂ ನೋಡಬೇಕು. ಮುಕಾದಮನಿಂದ ಮೊದಲೇ ಉಚಲ ಎತ್ತಿ, ಅದು ತೀರುವ ತನಕ ಕಡಿಯುವ ಕೆಲಸ ಇದು. ಒಂದು ದಿನ ಜ್ವರ ಬಂದು ಮಲಗಿದರೆ ಪಗಾರವೂ ಇಲ್ಲ, ಮೇಲೆ 'ಖಾಡಾ' ಎಂದು ದಂಡ. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದ ಸುದ್ದಿ 2019ರಲ್ಲಿ ದೇಶವನ್ನೇ ನಡುಗಿಸಿತು. ಅಲ್ಲಿ ಸಮೀಕ್ಷೆ ಮಾಡಿದ 82,309 ಮಹಿಳೆಯರಲ್ಲಿ 13,861 ಮಂದಿಗೆ ಆ ಶಸ್ತ್ರಕ್ರಿಯೆ ಆಗಿತ್ತು. ಮುಟ್ಟಿನ ದಿನ ರಜೆ ಹಾಕಿದರೆ ದಂಡ ಬೀಳುತ್ತದೆ ಎಂಬ ಭಯ ಅದಕ್ಕೆ ಒಂದು ಕಾರಣ. ಇಂಥ ಕೆಲಸವನ್ನು ಮಷೀನ್ ಕಸಿದುಕೊಂಡರೆ ಅಳುವವರು ಯಾರು ಎಂದು ಯಾರಾದರೂ ಕೇಳಬಹುದು. ಅಳುವವರು ಅದೇ ಹೆಣ್ಣುಮಕ್ಕಳೇ. ಯಾಕೆಂದರೆ ಮನೆಯ ತಗಡು, ಮಗಳ ಮದುವೆ, ಬಾವಿಯ ಸಾಲ ಎಲ್ಲ ನಿಂತಿರುವುದು ಆ ಉಚಲದ ಮೇಲೆ.

ಲೆಕ್ಕ ಹೀಗಿದೆ. 2024ರ ಜನವರಿಯಲ್ಲಿ ಮೂರು ವರ್ಷಕ್ಕೆಂದು ಆದ ಒಪ್ಪಂದದಲ್ಲಿ ಕಡಿಯುವ ಕೂಲಿ ಶೇ. 34ರಷ್ಟು ಏರಿ ಟನ್ನಿಗೆ 366 ರೂಪಾಯಿಯಾಯಿತು. ದಿನಕ್ಕೆ ಎರಡು ಟನ್ ಹಿಡಿದರೆ 732 ರೂಪಾಯಿ. ಹಂಗಾಮ 120 ದಿನ ನಡೆದರೆ ಜೋಡಿಗೆ 87,840. ಲಾಡಕಿ ಬಹಿಣದ ತಿಂಗಳ 1,500 ವರ್ಷಕ್ಕೆ 18,000 ಆಗುತ್ತದೆ. ಅದೂ ಕೊಯ್ತಾದ ಅರ್ಧಕ್ಕೆ, ಅಂದರೆ ಹೆಂಡತಿಗೆ ಮಾತ್ರ. ಗಂಡನಿಗೂ ಅಷ್ಟೇ ಕೊಟ್ಟರೂ 36,000. ಮಷೀನ್ ಕಳೆದದ್ದರ ಅರ್ಧವೂ ತುಂಬುವುದಿಲ್ಲ.

ಎರಡೂ ಕಡೆ ಹಣ, ನಡುವೆ ಗಡಿ

ಯಂತ್ರದಿಂದ ಕೆಲಸ ಹೋಗುವ ಕಾಲಕ್ಕೆ ಪ್ರತಿಯೊಬ್ಬರಿಗೂ ಶರತ್ತಿಲ್ಲದೆ ತಿಂಗಳ ಹಣ ಕೊಡಬೇಕು ಎಂಬ ವಾದ ಜಗತ್ತಿನಲ್ಲಿ ಜೋರಾಗಿದೆ. ಸಾರ್ವತ್ರಿಕ ಮೂಲ ಆದಾಯ ಎಂದು ಇದಕ್ಕೆ ಹೆಸರು. ಶ್ರೀಮಂತ, ಬಡವ, ಕೆಲಸ ಇದ್ದವ, ಇಲ್ಲದವ ಎಂದು ನೋಡದೆ ಎಲ್ಲರಿಗೂ ಒಂದೇ ಮೊತ್ತ. ಗಡಿನಾಡಿನ ಜನ ಈ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಅದರ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ. ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟಿನಲ್ಲಿ ಶುರುವಾಯಿತು. ಮಹಾರಾಷ್ಟ್ರದಲ್ಲಿ ಲಾಡಕಿ ಬಹಿಣ 2024ರ ಜುಲೈಯಿಂದ.

ಅಕ್ಕಲಕೋಟ, ಜತ್ತ ಕಡೆಯ ಮನೆಗಳಲ್ಲಿ ಅಕ್ಕ ಇಂಡಿಗೆ ಕೊಟ್ಟವಳು, ತಂಗಿ ಇಲ್ಲೇ ಇದ್ದವಳು. "ಅಕ್ಕಾಗ ಎರಡ ಸಾವಿರ, ನಿನಗ ದೀಡ ಸಾವಿರ" ಎಂಬ ಚೇಷ್ಟೆ ಜಾತ್ರೆಯಲ್ಲಿ ಸೇರಿದಾಗ ಇದ್ದದ್ದೇ. ಚಡಚಣ, ಆಳಂದ ಕಡೆಯಿಂದ ಇಲ್ಲಿಗೆ ಬಂದ ಸೊಸೆಯಂದಿರ ಪಾಡು ಬೇರೆ. ಹುಟ್ಟಿದ್ದು ಪರರಾಜ್ಯ, ಸಾಲಿ ದಾಖಲಾ ಕನ್ನಡದಲ್ಲಿ. ಗಂಡನ ದಾಖಲೆ ಹಚ್ಚಿದರೆ ನಡೆಯುತ್ತದೆ ಎಂದು ನಿಯಮದಲ್ಲೇ ಇದೆ. ಆ ನಿಯಮ ಗೊತ್ತಿಲ್ಲದೆ ಅರ್ಜಿ ಹಾಕದೆ ಕೂತರೆ ಹಕ್ಕಿನ ಹಣ ಹೋದಂತೆಯೇ.

ಎಲ್ಲರಿಗೂ ಕೊಡಬೇಕು ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲೇ. ಯಾರಿಗೆ ಕೊಡಬಾರದು ಎಂದು ಸೋಸಲು ಹೋದಾಗ ಗೊಂದಲ ಹುಟ್ಟುತ್ತದೆ. 2025ರಲ್ಲಿ ಸುಮಾರು 26 ಲಕ್ಷ ಖಾತೆಗಳಿಗೆ ಲಾಡಕಿ ಬಹಿಣ ಹಣ ತಡೆಯಲಾಯಿತು. ಸಾವಿರಾರು ಗಂಡಸರೂ ಈ ಹಣ ಎತ್ತಿದ್ದು ಬಯಲಾಯಿತು. ಅದೇ ವರ್ಷ ಸಪ್ಟೆಂಬರಿನಲ್ಲಿ ಇ-ಕೆವೈಸಿ ಕಡ್ಡಾಯ ಮಾಡಿ ಗಂಡನ ಅಥವಾ ತಂದೆಯ ಆಧಾರವನ್ನೂ ಕೇಳಿದಾಗ, ಇಬ್ಬರನ್ನೂ ಕಳಕೊಂಡ ವಿಧವೆಯರು ಪೇಚಿಗೆ ಬಿದ್ದರು. ಕಬ್ಬಿನ ಫಡದಲ್ಲಿರುವ ಹೆಣ್ಣುಮಗಳಿಗೆ ಕಾಗದ ಸರಿಪಡಿಸಲು ಊರಿಗೆ ಬಂದು ಹೋಗುವುದೆಂದರೆ ಮತ್ತೆ ಎರಡು ಖಾಡಾ.

ಹಾಗಾದರೆ ಸೋಸದೆ ಎಲ್ಲರಿಗೂ ಕೊಡಬಹುದೇ? 2011ರ ಜನಗಣತಿಯಂತೆ ಮಹಾರಾಷ್ಟ್ರದ ಜನಸಂಖ್ಯೆ 11.24 ಕೋಟಿ. ತಲಾ 1,500 ಎಂದರೆ ವರ್ಷಕ್ಕೆ ಎರಡು ಲಕ್ಷ ಕೋಟಿಗೂ ಮಿಕ್ಕಿದ ಹಣ. ರಾಜ್ಯದ 2025-26ರ ಬಜೆಟ್ಟೇ ಸುಮಾರು 7 ಲಕ್ಷ ಕೋಟಿ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆಯೂ ಈ ವಿಷಯಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿತ್ತು. ಅರವಿಂದ ಸುಬ್ರಮಣಿಯನ್ ಅವರ ತಂಡ ವರ್ಷಕ್ಕೆ ತಲಾ 7,620 ರೂಪಾಯಿ ಎಂದು ಲೆಕ್ಕ ಹಾಕಿ, ಶೇ. 75 ಜನರಿಗೆ ಕೊಟ್ಟರೂ ದೇಶದ ಉತ್ಪನ್ನದ ಶೇ. 4.9ರಷ್ಟು ಬೇಕು ಎಂದಿತು. ಈಗಿರುವ ಸಬ್ಸಿಡಿ ಮುಟ್ಟದೆ ಇದು ಆಗದು ಎಂಬುದೂ ಅದರಲ್ಲಿತ್ತು. ರೇಶನ್ ಜೋಳ, ಅಕ್ಕಿ ನಿಲ್ಲಿಸಿ ಹಣ ಕೊಡುತ್ತೇವೆ ಎಂದರೆ ಬರದ ಸೀಮೆಯವರು ಎರಡು ಸಲ ಯೋಚಿಸಬೇಕು. ರೇಟು ಏರಿದರೆ ಕಾಳು ಅಷ್ಟೇ ಇರುತ್ತದೆ, ನೋಟು ಸಣ್ಣದಾಗುತ್ತದೆ.

ಪುಕ್ಕಟೆ ಹಣ ಕೊಟ್ಟರೆ ಜನ ಮೈಗಳ್ಳರಾಗುತ್ತಾರೆ, "ಹೆಣ್ಣಾಳ ಸಿಗವಲ್ರು" ಎಂಬ ಮಾತು ಹೊಲದ ಬದುವಿನಲ್ಲಿ ಈಗಲೂ ಕೇಳುತ್ತದೆ. ಮಧ್ಯಪ್ರದೇಶದ ಇಂದೋರ ಜಿಲ್ಲೆಯ ಎಂಟು ಹಳ್ಳಿಗಳಲ್ಲಿ 2011-12ರಲ್ಲಿ 'ಸೇವಾ' ಸಂಸ್ಥೆ ಯುನಿಸೆಫ್ ನೆರವಿನಿಂದ ಎಲ್ಲರಿಗೂ ಹಣ ಕೊಟ್ಟು ನೋಡಿತು. ದೊಡ್ಡವರಿಗೆ ಮೊದಲು 200, ಆಮೇಲೆ 300 ರೂಪಾಯಿ, ಮಕ್ಕಳಿಗೆ ಅದರ ಅರ್ಧ. ಅಲ್ಲಿ ಜನ ಕೆಲಸ ಬಿಡಲಿಲ್ಲ. ಪರರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮ ಹೊಲದಲ್ಲಿ ದುಡಿದರು, ಆಡು-ಎಮ್ಮೆ ಕೊಂಡರು, ಸಾಲ ತಗ್ಗಿಸಿದರು. ಹೆಣ್ಣಾಳು ಸಿಗುತ್ತಿಲ್ಲ ಎನ್ನುವವರ ಸಿಟ್ಟಿನ ಬೇರು ಬಹುಶಃ ಇದೇ ಇರಬೇಕು.

ಟನ್ನಿಗೆ ಹತ್ತು ರೂಪಾಯಿ

ಈ ಭಾಗಕ್ಕೆ ಇನ್ನೊಂದು ಅನುಭವವೂ ಇದೆ. 1972ರ ಬರದಲ್ಲಿ ಖಡಿ ಒಡೆದು ಬದುಕಿದವರು ಇನ್ನೂ ಇದ್ದಾರೆ. ಸಾಂಗಲಿ ಜಿಲ್ಲೆಯವರೇ ಆದ ವಿ.ಸ. ಪಾಗೆ ಅವರು ಹಾಕಿಕೊಟ್ಟ ರೋಜಗಾರ ಹಮಿ ಯೋಜನೆ 1977ರಲ್ಲಿ ಕಾಯ್ದೆಯಾಯಿತು. ಅದಕ್ಕೆ ಹಣ ಬಂದದ್ದು ಪಟ್ಟಣದ ನೌಕರರ, ವ್ಯಾಪಾರಿಗಳ ಮೇಲೆ ಹಾಕಿದ ವ್ಯವಸಾಯ ಕರದಿಂದ. ಕೆಲಸ ಇದ್ದವರಿಂದ ತೆಗೆದು ಕೆಲಸ ಇಲ್ಲದವರಿಗೆ ಕೆಲಸ ಕೊಟ್ಟರು, ಬರೀ ಹಣವನ್ನಲ್ಲ.

ಕಬ್ಬಿನಲ್ಲೂ ಅಂಥ ದಾರಿ ಅರ್ಧ ತೆರೆದಿದೆ. ಗೋಪೀನಾಥ ಮುಂಡೆ ಹೆಸರಿನ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳಕ್ಕೆ ಕಾರಖಾನೆಗಳು ಟನ್ನಿಗೆ 10 ರೂಪಾಯಿ ಕೊಡಬೇಕು, ಸರಕಾರ ಅಷ್ಟೇ ಸೇರಿಸಬೇಕು ಎಂದು ಠರಾವಾಗಿದೆ. ಅಲಾಸ್ಕಾದಲ್ಲಿ ಎಣ್ಣೆಯ ಆದಾಯದ ನಿಧಿಯಿಂದ 1982ರಿಂದ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಪಾಲು ಹಂಚುತ್ತಾರೆ. ಕಡಿದದ್ದು ಕೈಯೋ ಮಷೀನೋ, ಟನ್ ಟನ್ನೇ. ಮಷೀನ್ ಕಡಿದ ಟನ್ನಿಗೆ ಹೆಚ್ಚು ಹಿಡಿದು, ಕೊಯ್ತಾ ಕಳಕೊಂಡ ಜೋಡಿಯ ಖಾತೆಗೆ ನೇರ ಹಾಕಿದರೆ ಅದು ಭಿಕ್ಷೆ ಎನಿಸುವುದಿಲ್ಲ, ಪಾಲು ಎನಿಸುತ್ತದೆ. ಆದರೆ ಅದಕ್ಕೆ ಮೊದಲು ಯಾರು ಎಷ್ಟು ಹಂಗಾಮ ಕಡಿದಿದ್ದಾರೆ ಎಂಬ ನೋಂದಣಿ ಬೇಕು. ಗಡಿ ದಾಟಿ ಕರ್ನಾಟಕದ ಕಾರಖಾನೆಗೆ ಹೋದ ಜತ್ತದ ಟೋಳಿ ಯಾವ ರಾಜ್ಯದ ಪಟ್ಟಿಯಲ್ಲಿ ಬರಬೇಕು ಎಂಬುದನ್ನೂ ಎರಡು ಸರಕಾರಗಳು ಕೂತು ಬಗೆಹರಿಸಬೇಕು.

ತಿಂಗಳ ದೀಡ ಸಾವಿರ ಕೊಯ್ತಾದ ಬದಲಿಯಾಗದು. ಆದರೆ ಅದು ಮಾಡುವ ಒಂದು ಕೆಲಸ ಸಣ್ಣದಲ್ಲ. ಶ್ರಾವಣದಲ್ಲಿ ಕೈ ಖಾಲಿಯಾದಾಗ ಮುಕಾದಮನ ಬಾಗಿಲಿಗೆ ಹೋಗುವುದನ್ನು ನಾಲ್ಕು ವಾರ ಮುಂದೆ ದೂಡುತ್ತದೆ. ಆ ನಾಲ್ಕು ವಾರದಲ್ಲಿ ಉಚಲದ ಮಾತು ಸ್ವಲ್ಪ ಬಿಗಿಯಾಗಿ ಆಡಬಹುದು, ಬಾಣಂತಿಯನ್ನು ಈ ವರ್ಷ ಕರಕೊಂಡು ಹೋಗುವುದಿಲ್ಲ ಎಂದು ಹೇಳಬಹುದು.

ಯುಗಾದಿ ಹೊತ್ತಿಗೆ ಟೋಳಿಗಳು ಊರಿಗೆ ಮರಳುತ್ತವೆ. ಕಟ್ಟೆಯ ಮೇಲೆ ಮುಕಾದಮನ ವಹಿ ಬಿಚ್ಚುತ್ತದೆ. ಎಷ್ಟು ಟನ್ ಕಡಿದಿರಿ, ಎಷ್ಟು ಖಾಡಾ, ಎಷ್ಟು ಬಾಕಿ. ಮಷೀನ್ ಬಂದ ಹೊಲಗಳಿಂದಾಗಿ ಟನ್ ಕಮ್ಮಿಯಾದರೂ ಉಚಲದ ಬಾಕಿ ಮಾತ್ರ ಹಾಗೇ ಮುಂದಿನ ದಸರಾಕ್ಕೆ ಹೋಗುತ್ತದೆ.