ಹೆಸರನ್ನು ಸುಳ್ಳಾಗಿಸಿದ ಕೀಟ

ಉಷ್ಣವಲಯದ ಕಾಡುಗಳಲ್ಲಿ ಉರುಳಿಬಿದ್ದು ಕೊಳೆಯುತ್ತಿರುವ ಮರದ ತೊಗಟೆಯನ್ನು ಮೆಲ್ಲನೆ ಎಬ್ಬಿಸಿದರೆ, ಗೆದ್ದಲನ್ನು ಹೋಲುವ ಅತಿ ಸಣ್ಣ ಕೀಟಗಳ ಗುಂಪೊಂದು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಮೈಯುದ್ದ ಸುಮಾರು 3 ಮಿಲಿಮೀಟರು. ತಲೆಯ ಮೇಲೆ ಮಣಿ ಪೋಣಿಸಿದಂತಿರುವ ಒಂಬತ್ತು ಗೆಣ್ಣುಗಳ ಮೀಸೆ. ಇದೇ ಜೋರೋಟೈಪಸ್.

ಇಟಲಿಯ ಕೀಟವಿಜ್ಞಾನಿ ಫಿಲಿಪ್ಪೊ ಸಿಲ್ವೆಸ್ತ್ರಿಯವರು 1913ರಲ್ಲಿ ಪಶ್ಚಿಮ ಆಫ್ರಿಕ, ಸಿಂಹಳ ಮತ್ತು ಜಾವಾಗಳಲ್ಲಿ ದೊರೆತ ಮೂರು ಪ್ರಭೇದಗಳನ್ನು ವರ್ಣಿಸಿ ಈ ಕುಲವನ್ನು ಸ್ಥಾಪಿಸಿದರು. ಅವರು ಕಂಡ ಕೀಟಗಳಲ್ಲಿ ಒಂದಕ್ಕೂ ರೆಕ್ಕೆಯಿರಲಿಲ್ಲ. ಆದ್ದರಿಂದ ಇವುಗಳಿಗಾಗಿ ಪ್ರತ್ಯೇಕ ಗಣವೊಂದನ್ನು ಕಲ್ಪಿಸಿ, ಅದಕ್ಕೆ ಜೋರಾಪ್ಟೆರ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ 'ಅಪ್ಪಟ ರೆಕ್ಕೆಹೀನ' ಎಂದರ್ಥ. ಆದರೆ 1920ರಲ್ಲಿ ಅಮೆರಿಕದ ಕಾಡೆಲ್ ಎಂಬ ವಿಜ್ಞಾನಿ ಇದೇ ಗಣದ ರೆಕ್ಕೆಯುಳ್ಳ ಕೀಟಗಳ ವಿಷಯವನ್ನು ಪ್ರಕಟಿಸಿದರು. ಹಾಗಾದರೆ ಒಂದೇ ಪ್ರಭೇದದಲ್ಲಿ ಈ ಎರಡು ರೂಪಗಳೇಕೆ?

ಮೊದಲು ತೊಗಟೆಯ ಆಶ್ರಯವನ್ನು ವಿಚಾರಿಸೋಣ. ಒಂದೇ ಆಕಾರದ ಎರಡು ಕೀಟಗಳಿವೆಯೆಂದು ಭಾವಿಸಿರಿ. ಒಂದರ ಉದ್ದ 3 ಮಿಲಿಮೀಟರು, ಇನ್ನೊಂದರದು 30. ಉದ್ದ 10 ಪಟ್ಟಾದಾಗ ಮೈಯ ಹೊರಮೈ 100 ಪಟ್ಟಾಗುತ್ತದೆ, ಘನಗಾತ್ರ 1000 ಪಟ್ಟಾಗುತ್ತದೆ. ಎಂದರೆ, ಘನಗಾತ್ರಕ್ಕೆ ಹೋಲಿಸಿದಾಗ ಸಣ್ಣ ಕೀಟದ ಹೊರಮೈ ದೊಡ್ಡದರದಕ್ಕಿಂತ 10 ಪಟ್ಟು ಹೆಚ್ಚು. ನೀರಿನ ಸಂಗ್ರಹವಿರುವುದು ಮೈಯೊಳಗೆ. ಅದು ಆವಿಯಾಗಿ ಹೋಗುವುದು ಹೊರಮೈಯಿಂದ. ಆದಕಾರಣ ಒಣಗಾಳಿಯಲ್ಲಿ ಕಿರಿಯ ಜೀವಿಗೆ ಅಪಾಯ ಹೆಚ್ಚು. ತೊಗಟೆಯಡಿಯಲ್ಲಾದರೋ ತೇವವೂ ಉಂಟು, ಬೂಷ್ಟಿನ ಎಳೆ ಮತ್ತು ಬೀಜಕಗಳ ಆಹಾರವೂ ಉಂಟು. ಆ ಕತ್ತಲಲ್ಲಿ ಕಣ್ಣಿನಿಂದಾಗಲಿ ರೆಕ್ಕೆಯಿಂದಾಗಲಿ ಪ್ರಯೋಜನವೇನು? ಅಲ್ಲಿನ ಹೆಚ್ಚಿನ ಕೀಟಗಳಿಗೆ ಅವೆರಡೂ ಇಲ್ಲ, ಮೈಬಣ್ಣವೂ ಪೇಲವ.

ಆದರೆ ಮರ ಶಾಶ್ವತವಲ್ಲ. ಕೊಳೆತು ಕೊನೆಗೆ ಮಣ್ಣಾಗುತ್ತದೆ. ಹೊಸ ನೆಲೆಯನ್ನು ಅರಸಿ ಹೋಗುವವರು ಬೇಕು. ಅದಕ್ಕಾಗಿಯೇ ಕೆಲವು ಕೀಟಗಳು ಕಪ್ಪು ಮೈ, ಕಣ್ಣು ಮತ್ತು ಎರಡು ಜೊತೆ ರೆಕ್ಕೆಗಳೊಡನೆ ಬೆಳೆಯುತ್ತವೆ. ಮೊದಲ ಮಳೆಯ ಬಳಿಕ ದೀಪಕ್ಕೆ ಮುತ್ತುವ ಗೆದ್ದಲುಗಳಂತೆ, ಇವೂ ಹಾರಾಟ ಮುಗಿದೊಡನೆ ರೆಕ್ಕೆಗಳನ್ನು ಕಳಚಿಬಿಡುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಈ ಏರ್ಪಾಡು ಇಂದಿನದಲ್ಲ. ಬರ್ಮಾದಲ್ಲಿ ದೊರೆತ ಸುಮಾರು 10 ಕೋಟಿ ವರ್ಷ ಹಳೆಯ ಶಿಲಾರಾಳದಲ್ಲಿ ಈ ಗಣದ ರೆಕ್ಕೆಯುಳ್ಳ ಕೀಟಗಳೂ ಸಿಕ್ಕಿವೆ. 2020ರಲ್ಲಿ ವಿಜ್ಞಾನಿಗಳು ಜೋರೋಟೈಪಸ್ ಕುಲವನ್ನೇ ಒಡೆದು ಹಲವು ಕುಲಗಳನ್ನಾಗಿ ವಿಂಗಡಿಸಿದರು. ಗಣದ ಹೆಸರು ಮಾತ್ರ 'ಅಪ್ಪಟ ರೆಕ್ಕೆಹೀನ' ಎಂದೇ ಉಳಿದಿದೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗೆ ಆ ಹೆಸರು ಇಂದಿಗೂ ನೆನಪಿಸುತ್ತಿದೆ.