ಪೆಕ್ಸ್ ಪೈಪಿನ ರಿಂಗ್ ಬಿಗಿಯಲು ಇಕ್ಕಳ ಸಾಕೇ?

‘ಇಕ್ಕಳದಿಂದ ಗಟ್ಟಿಯಾಗಿ ಒತ್ತಿದರೆ ಸಾಕು’ ಎನ್ನುವವರಿದ್ದಾರೆ. ಇದು ತಪ್ಪು.

ಅಮೆರಿಕದ ಆರ್‌ವಿಗಳಲ್ಲಿ, ಅಂದರೆ ಮನೆಯಂತಿರುವ ಪ್ರವಾಸಿ ವಾಹನಗಳಲ್ಲಿ, ನೀರಿಗೆ ಹೆಚ್ಚಾಗಿ ಅರ್ಧ ಇಂಚಿನ ಪೆಕ್ಸ್ ಪ್ಲಾಸ್ಟಿಕ್ ಪೈಪ್ ಇರುತ್ತದೆ. ಇಕ್ಕಳ ಒತ್ತಿದರೆ ರಿಂಗ್ ಚಪ್ಪಟೆಯಾಗುತ್ತದೆಯೇ ಹೊರತು ಸುತ್ತಲೂ ಸಮನಾಗಿ ಬಿಗಿಯುವುದಿಲ್ಲ. ಗಾಡಿಯ ಕುಲುಕಾಟಕ್ಕೆ ಜಾಯಿಂಟ್ ಸೋರಿ, ಕಣ್ಣಿಗೆ ಕಾಣದಂತೆ ಮರದ ನೆಲ ಕೊಳೆಯಬಹುದು.

ಸರಿಯಾದ ಟೂಲ್ ಯಾವುದು? ತಾಮ್ರದ ರಿಂಗಿಗೆ ಕ್ರಿಂಪ್ ಟೂಲ್. ಇದು ರಿಂಗನ್ನು ಸುತ್ತಲೂ ಹಿಡಿಯಬೇಕು. ಅಳತೆಗೆ ತಕ್ಕ ಬಾಯಿಯೂ ಬೇಕು. ಸ್ಟೀಲ್ ಕ್ಲ್ಯಾಂಪಿಗೆ ಸಿಂಚ್ ಟೂಲ್. ಇದು ಕ್ಲ್ಯಾಂಪಿನ ಹೊರಚಾಚಿದ ಕಿವಿಯನ್ನಷ್ಟೇ ಒತ್ತುತ್ತದೆ. ಸಾಮಾನ್ಯವಾಗಿ ಒಂದೇ ಟೂಲ್ 3/8ರಿಂದ 1 ಇಂಚಿನವರೆಗೆ ಸಾಕು. ಸಿಂಕ್ ಕೆಳಗಿನ ಇಕ್ಕಟ್ಟಿಗೆ ಇದೇ ವಾಸಿ.

ರಿಂಗ್ ಪೈಪಿನ ತುದಿಯಿಂದ 3–6 ಮಿ.ಮೀ. ಒಳಗಿರಲಿ. ಪಂಪ್ ಹಾಕಿ, ಜಾಯಿಂಟ್ ಸೋರುತ್ತಿಲ್ಲವೆಂದು ನೋಡಿಯೇ ಹಲಗೆ ಮುಚ್ಚಿ.